ಆಂಜಿಯೋಗ್ರಾಂ ನಾರ್ಮಲ್, ಎದೆ ಬಿಗಿತ ಮಾತ್ರ ಹೋಗಿಲ್ಲ

ಆಮವಾತ (ರುಮಟಾಯ್ಡ್ ಆರ್ಥ್ರೈಟಿಸ್) ಎಂದರೆ ಬೆರಳು, ಮೊಣಕಾಲು ಊದುವ ಕಾಯಿಲೆ ಎಂದಷ್ಟೇ ರಾಯಚೂರು, ಸಿಂಧನೂರು ಕಡೆ ಬಹಳ ಮಂದಿ ತಿಳಿದಿದ್ದಾರೆ. ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಈ ರೋಗದಲ್ಲಿ ಉರಿಯೂತ ಕೀಲಿಗೇ ನಿಲ್ಲುವುದಿಲ್ಲ, ರಕ್ತನಾಳದ ಒಳಪದರವನ್ನೂ ಕೆಡಿಸುತ್ತದೆ. ಈ ರೋಗಿಗಳಿಗೆ ಹೃದಯರೋಗದ ಅಪಾಯ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು. ಇದೇ ಜಾತಿಯ ಇನ್ನೊಂದು ರೋಗವಾದ ಲೂಪಸ್ ಇರುವ ಯುವತಿಯರಿಗೆ ಇನ್ನೂ ಹೆಚ್ಚು.

ತೊಡಕಿರುವುದು ಪತ್ತೆ ಹಚ್ಚುವುದರಲ್ಲಿ. ಟ್ರೆಡ್‌ಮಿಲ್ ಮೇಲೆ ನಡೆಸೋಣವೆಂದರೆ ಹೃದಯ ದಣಿಯುವ ಮೊದಲೇ ಮೊಣಕಾಲು ಸೋಲುತ್ತದೆ. ಅಂಥ ವರದಿಯಿಂದ ಏನೂ ತಿಳಿಯದು. ನಾಟಿ ಕೆಲಸ ಬಿಟ್ಟು ಮನೆಯಲ್ಲೇ ಕೂತವರಿಗೆ ಎದೆನೋವು ಬರುವಷ್ಟು ಶ್ರಮವೇ ಆಗಿರುವುದಿಲ್ಲ. ಬಂದರೂ ‘ಗ್ಯಾಸ್ ಸರ್’ ಎನ್ನುತ್ತಾರೆ. ಕೊಲೆಸ್ಟ್ರಾಲ್ ನೋಡಿದರೆ ಕಡಿಮೆ! ಉರಿಯೂತ ಜೋರಾಗಿದ್ದಾಗ ಅದು ಇಳಿಯುವುದುಂಟು. ಆ ಅಂಕಿ ನೋಡಿ ನಿಶ್ಚಿಂತರಾಗುವವರಲ್ಲಿ ನಮ್ಮ ವೈದ್ಯರೂ ಇದ್ದಾರೆ.

ಇನ್ನು ಆಂಜಿಯೋಗ್ರಾಂ, ಅಂದರೆ ಹೃದಯದ ರಕ್ತನಾಳಗಳಿಗೆ ದ್ರವ ಬಿಟ್ಟು ಎಕ್ಸ್‌ರೇಯಲ್ಲಿ ಅಡಚಣೆ ಹುಡುಕುವ ಪರೀಕ್ಷೆ. ಅರ್ಧ ಮಿಲಿಮೀಟರಿಗಿಂತ ಸಣ್ಣ ನಾಳಗಳು ಅದರಲ್ಲಿ ಕಾಣುವುದಿಲ್ಲ. ಹೃದಯದ ಸ್ನಾಯುವಿಗೆ ರಕ್ತ ಹಂಚುವುದು ಅವೇ. ತುಂಗಭದ್ರಾ ಎಡದಂಡೆ ಕಾಲುವೆ ತುಂಬಿ ಹರಿದರೂ ಕೊನೆಭಾಗದ ಗದ್ದೆಗೆ ನೀರು ಹತ್ತದಿರುವುದನ್ನು ಈ ಭಾಗದ ರೈತರಿಗೆ ನಾನು ವಿವರಿಸಬೇಕಿಲ್ಲ.

ಇಂಥವರಿಗೆ ಹರಿವನ್ನೇ ಅಳೆಯುವ ಪರೀಕ್ಷೆ ಬೇಕು. ಅಡಿನೋಸಿನ್ ಎಂಬ ಔಷಧಿಯನ್ನು ರಕ್ತನಾಳದ ಮೂಲಕ ಕೊಟ್ಟಾಗ ಹೃದಯದ ನಾಳಗಳು ಹಿಗ್ಗಿ ಹರಿವು ಏರಬೇಕು. ರೋಗಿ ಮಲಗಿದ್ದರೆ ಸಾಕು. ಕೆಲವು ನಿಮಿಷ ಮುಖ ಬಿಸಿಯಾಗುತ್ತದೆ, ಎದೆ ಭಾರವೆನಿಸುತ್ತದೆ, ಔಷಧಿ ನಿಂತೊಡನೆ ಇಳಿಯುತ್ತದೆ. ಹಿಂದಿನ ದಿನದಿಂದಲೇ ಚಹಾ, ಕಾಫಿ ಬಂದ್. ಅವು ಔಷಧಿಯ ಕೆಲಸಕ್ಕೆ ಅಡ್ಡ ಬರುತ್ತವೆ. ಆಸ್ತಮಾ ಇದ್ದರೆ ಮೊದಲೇ ಹೇಳಬೇಕು. ವಿಶ್ರಾಂತಿಯಲ್ಲಿದ್ದ ಹರಿವು ಎರಡು ಪಟ್ಟಿಗೂ ಏರದಿದ್ದರೆ, ದೊಡ್ಡ ನಾಳಗಳಲ್ಲಿ ಅಡಚಣೆಯೂ ಇಲ್ಲದಿದ್ದರೆ, ಸಣ್ಣ ನಾಳಗಳ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಈ ಅಳತೆಯಲ್ಲಿ ನನಗೆ ಹೆಚ್ಚು ನಂಬಿಕೆ, ಅಲ್ಪ ವಿಕಿರಣದ ಔಷಧಿ ಕೊಟ್ಟು ಚಿತ್ರ ತೆಗೆಯುವ ಪೆಟ್ ಸ್ಕ್ಯಾನ್ ಮೇಲೆ. ಎಂಆರ್‌ಐಯಲ್ಲೂ ಆಗುತ್ತದೆ, ಪಳಗಿದ ಕೈಯಿದ್ದರೆ ಶಬ್ದತರಂಗದಿಂದ ಹರಿವು ನೋಡುವ ಡಾಪ್ಲರ್ ಎಕೋದಲ್ಲೂ ಅಂದಾಜು ಸಿಗುತ್ತದೆ.

ಪೆಟ್‌ಗೆಂದು ಹೈದರಾಬಾದ್ ಅಥವಾ ಬೆಂಗಳೂರಿಗೆ ಹೋಗುವ ಖರ್ಚು ಸಣ್ಣದಲ್ಲ. ಹಾಗಾಗಿ ಕೀಲುನೋವಿನವರನ್ನೆಲ್ಲ ನಾನು ಕಳಿಸುವುದಿಲ್ಲ. ಆಂಜಿಯೋಗ್ರಾಂ ಸರಿಯಿದ್ದೂ ಎದೆ ಬಿಗಿತ, ಏದುಸಿರು ಬಿಡದವರನ್ನು ಮಾತ್ರ ಕಳಿಸುತ್ತೇನೆ. ಉಳಿದವರಿಗೆ ಬಿಪಿ, ಸಕ್ಕರೆ, ತಂಬಾಕು, ಉರಿಯೂತದ ಹತೋಟಿ ಮೊದಲು. ತಪಾಸಣೆಗೆ ಬರುವಾಗ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡು ನುಂಗುತ್ತಿರುವ ನೋವಿನ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ತನ್ನಿ. ಡೈಕ್ಲೋಫೆನಾಕ್, ಸ್ಟೀರಾಯ್ಡ್ ಎರಡೂ ಹೃದಯದ ಅಪಾಯದ ಲೆಕ್ಕಕ್ಕೆ ಬರುತ್ತವೆ. ಆದರೆ ಸ್ಟೀರಾಯ್ಡನ್ನು ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ.