ಅನ್ನನಾಳದ ಕ್ಯಾನ್ಸರ್: ಕೀಹೋಲ್ ಶಸ್ತ್ರಚಿಕಿತ್ಸೆಯಿಂದ ನಿಜಕ್ಕೂ ಲಾಭವಿದೆಯೇ?

ಪ್ರಶ್ನೆ: ನಮ್ಮ ತಂದೆಯವರಿಗೆ ಅನ್ನನಾಳದ ಕೆಳಭಾಗದಲ್ಲಿ ಕ್ಯಾನ್ಸರ್ ಇದೆ. ಕಿಮೊಥೆರಪಿ ಮುಗಿದಿದೆ, ಇನ್ನು ಶಸ್ತ್ರಚಿಕಿತ್ಸೆ ಆಗಬೇಕು. ಒಬ್ಬ ವೈದ್ಯರು ಎದೆ ತೆರೆದೇ ಮಾಡಬೇಕು ಎನ್ನುತ್ತಾರೆ, ಇನ್ನೊಬ್ಬರು ಸಣ್ಣ ರಂಧ್ರಗಳ ಮೂಲಕವೇ (ಕೀಹೋಲ್ ವಿಧಾನ) ಮಾಡಬಹುದು ಎನ್ನುತ್ತಾರೆ. ಅಷ್ಟು ಚಿಕ್ಕ ರಂಧ್ರದಿಂದ ಕ್ಯಾನ್ಸರನ್ನು ಪೂರ್ತಿ ತೆಗೆಯಲು ಆಗುತ್ತದೆಯೇ? ಅಪಾಯ ಕಡಿಮೆಯೇ?

ಉತ್ತರ: ಎರಡಕ್ಕೂ ಹೌದು ಎನ್ನಬಹುದು. ಎರಡನೆಯ ಹೌದಿಗೆ ಮಾತ್ರ ಒಂದು ದೊಡ್ಡ ಷರತ್ತಿದೆ. ಮಾಡುವ ಕೈ ಆ ವಿಧಾನದಲ್ಲಿ ಪಳಗಿದ್ದಾಗಿರಬೇಕು.

ಮೊದಲು ಒಳಗೆ ನಡೆಯುವ ಕೆಲಸವನ್ನು ನೋಡೋಣ. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಕೊಳವೆ. ಬೆನ್ನುಮೂಳೆಯ ಮುಂದೆ, ಹೃದಯದ ಹಿಂದೆ ಹಾದು ಜಠರವನ್ನು ಸೇರುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅದರ ಬಹುಭಾಗವನ್ನೂ, ಕ್ಯಾನ್ಸರ್ ಹರಡಿರಬಹುದಾದ ಸುತ್ತಲಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯುತ್ತಾರೆ. ಆಮೇಲೆ ಜಠರವನ್ನೇ ಉದ್ದನೆಯ ಕೊಳವೆಯಾಗಿ ರೂಪಿಸಿ, ಎದೆಯೊಳಕ್ಕೆ ಎಳೆದು, ಉಳಿದ ಅನ್ನನಾಳದ ತುದಿಗೆ ಹೊಲಿಯುತ್ತಾರೆ. ಹೊರಗಿನ ಗಾಯ ಒಂದು ಗೇಣಿರಲಿ, ಬೆರಳಗಲವಿರಲಿ, ಈ ಕೆಲಸದಲ್ಲಿ ಏನೂ ಕಡಿಮೆಯಾಗುವುದಿಲ್ಲ. ‘ಕೀಹೋಲ್ ತಾನೇ, ಚಿಕ್ಕ ಆಪರೇಷನ್’ ಎಂದು ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. ಜೀರ್ಣಾಂಗಗಳ ಶಸ್ತ್ರಚಿಕಿತ್ಸೆಗಳಲ್ಲೇ ಅತಿ ದೊಡ್ಡವುಗಳಲ್ಲಿ ಇದೂ ಒಂದು.

ಹಾಗಾದರೆ ಲಾಭ ಎಲ್ಲಿ? ಮುಖ್ಯವಾಗಿ ಶ್ವಾಸಕೋಶದಲ್ಲಿ. ಎದೆ ತೆರೆಯುವಾಗ ಪಕ್ಕೆಲುಬುಗಳನ್ನು ಅಗಲಿಸಬೇಕಾಗುತ್ತದೆ. ಎಚ್ಚರವಾದ ಮೇಲೆ ರೋಗಿ ಆಳವಾಗಿ ಉಸಿರೆಳೆದರೂ ನೋವು, ಕೆಮ್ಮಿದರೂ ನೋವು. ಕೆಮ್ಮಲು ಹೆದರಿದವರ ಎದೆಯಲ್ಲಿ ಕಫ ಉಳಿಯುತ್ತದೆ, ಉಳಿದ ಕಫದಲ್ಲಿ ಸೋಂಕು ಬೆಳೆಯುತ್ತದೆ. ಈ ಶಸ್ತ್ರಚಿಕಿತ್ಸೆಯ ನಂತರ ಜೀವಕ್ಕೆ ಎರವಾಗುವ ಮುಖ್ಯ ಕಾರಣಗಳಲ್ಲಿ ನ್ಯುಮೋನಿಯಾ ಒಂದು. ಎಲುಬುಗಳ ನಡುವಿನ ಸಣ್ಣ ರಂಧ್ರಗಳಿಂದ ಕ್ಯಾಮೆರಾ ಮತ್ತು ಉಪಕರಣಗಳನ್ನು ಒಳಬಿಟ್ಟರೆ ಈ ಸರಪಳಿ ಮೊದಲ ಕೊಂಡಿಯಲ್ಲೇ ಸಡಿಲವಾಗುತ್ತದೆ.

ಇದು ಬರೀ ತರ್ಕವಲ್ಲ. ಯುರೋಪಿನ ಐದು ಆಸ್ಪತ್ರೆಗಳಲ್ಲಿ 115 ರೋಗಿಗಳ ಮೇಲೆ ನಡೆದ ‘ಟೈಮ್’ ಎಂಬ ಪ್ರಯೋಗದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಲ್ಲಿರುವಾಗ ಶ್ವಾಸಕೋಶದ ಸೋಂಕಿಗೆ ಒಳಗಾದವರು ತೆರೆದ ವಿಧಾನದಲ್ಲಿ ಶೇ 34, ಕೀಹೋಲ್ ವಿಧಾನದಲ್ಲಿ ಶೇ 12. ಫ್ರಾನ್ಸಿನ ‘ಮಿರೋ’ ಪ್ರಯೋಗ ಇನ್ನೊಂದು ದಾರಿ ಹಿಡಿಯಿತು. ಹೊಟ್ಟೆಯ ಭಾಗವನ್ನು ಮಾತ್ರ ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಯ ಕೀಹೋಲ್ ವಿಧಾನದಲ್ಲಿ ಮುಗಿಸಿ, ಎದೆಯನ್ನು ಎಂದಿನಂತೆ ತೆರೆದರು. ಅದರಲ್ಲೂ ಗಂಭೀರ ತೊಡಕುಗಳು ಶೇ 64ರಿಂದ ಶೇ 36ಕ್ಕೆ ಇಳಿದವು. ಇಳಿದ ಮೇಲೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಗಂಭೀರ ತೊಡಕು ಬಂದಿದೆ ಎಂಬುದನ್ನೂ ಗಮನಿಸಿ. ಮನೆಯವರು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಬೇಕಾದ ಶಸ್ತ್ರಚಿಕಿತ್ಸೆ ಇದು.

ಇನ್ನು ನಿಮ್ಮ ಮೊದಲ ಪ್ರಶ್ನೆ. ಟೈಮ್ ಪ್ರಯೋಗದಲ್ಲಿ ತೆಗೆದ ದುಗ್ಧಗ್ರಂಥಿಗಳ ಸಂಖ್ಯೆ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಮೂರು ವರ್ಷಗಳ ನಂತರ ಬದುಕಿದ್ದವರು ತೆರೆದ ವಿಧಾನದಲ್ಲಿ ಸುಮಾರು ಶೇ 40, ಕೀಹೋಲ್‌ನಲ್ಲಿ ಸುಮಾರು ಶೇ 50. ಅಷ್ಟು ಚಿಕ್ಕ ಗುಂಪಿನಲ್ಲಿ ಈ ಅಂತರ ಆಕಸ್ಮಿಕವೂ ಆಗಿರಬಹುದು. ಅದನ್ನು ಹಿಡಿದು ‘ಕೀಹೋಲ್‌ನಿಂದ ಆಯುಸ್ಸು ಹೆಚ್ಚುತ್ತದೆ’ ಎನ್ನುವುದು ತಪ್ಪು. ಆಯುಸ್ಸು ಕಡಿಮೆಯಾಗುವುದಿಲ್ಲ ಎನ್ನುವುದಕ್ಕೆ ಮಾತ್ರ ಒಳ್ಳೆಯ ಆಧಾರವಿದೆ. ಕ್ಯಾನ್ಸರ್ ಮರುಕಳಿಸುತ್ತದೆಯೇ ಇಲ್ಲವೇ ಎಂಬುದು ಬಹುಮಟ್ಟಿಗೆ ರೋಗ ಯಾವ ಹಂತದಲ್ಲಿತ್ತು, ಶಸ್ತ್ರಚಿಕಿತ್ಸೆಗೆ ಮುಂಚಿನ ಕಿಮೊಥೆರಪಿ ಅಥವಾ ವಿಕಿರಣಕ್ಕೆ ಎಷ್ಟು ಕರಗಿತು ಎಂಬುದರ ಮೇಲೆ ನಿಂತಿದೆ.

ಕೀಹೋಲ್ ವಿಧಾನ ಬಗೆಹರಿಸದ ಸಮಸ್ಯೆ ಹೊಲಿಗೆ ಸೋರುವುದು. ಜಠರವನ್ನು ಮೇಲಕ್ಕೆ ಎಳೆಯುವ ಮೊದಲು ಅದರ ರಕ್ತನಾಳಗಳಲ್ಲಿ ಹೆಚ್ಚಿನವನ್ನು ಕತ್ತರಿಸಬೇಕು. ಉಳಿಯುವುದು ಮುಖ್ಯವಾಗಿ ಬಲಬದಿಯಿಂದ ಬಂದು ಜಠರದ ದೊಡ್ಡ ಬಾಗಿನ ಅಂಚಿನಲ್ಲಿ ಸಾಗುವ ಒಂದು ಧಮನಿ. ಅದರ ರಕ್ತ ಕೊಳವೆಯ ತುತ್ತತುದಿಗೆ ತಲುಪುವಷ್ಟರಲ್ಲಿ ಕ್ಷೀಣವಾಗಿರುತ್ತದೆ, ಹೊಲಿಗೆ ಬೀಳುವುದೂ ಸರಿಯಾಗಿ ಅಲ್ಲೇ. ಹೊರಗಿನ ರಂಧ್ರದ ಗಾತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಜೋಡಣೆ ಎಲ್ಲಿ ಎಂಬುದಕ್ಕೆ ಸಂಬಂಧವಿದೆ. ನೆದರ್ಲೆಂಡ್ಸ್‌ನಲ್ಲಿ ಕೀಹೋಲ್ ರೋಗಿಗಳನ್ನೇ ಎರಡು ಗುಂಪು ಮಾಡಿ ಹೋಲಿಸಿದಾಗ, ಮತ್ತೆ ಚಿಕಿತ್ಸೆ ಬೇಕಾಗುವಂಥ ಸೋರಿಕೆ ಎದೆಯೊಳಗೆ ಜೋಡಿಸಿದವರಲ್ಲಿ ಶೇ 12ರಷ್ಟು, ಕುತ್ತಿಗೆಯಲ್ಲಿ ಜೋಡಿಸಿದವರಲ್ಲಿ ಶೇ 34ರಷ್ಟು ಕಂಡಿತು. ಧ್ವನಿಯ ನರಕ್ಕೆ ಪೆಟ್ಟಾಗುವುದೂ ಕುತ್ತಿಗೆಯ ವಿಧಾನದಲ್ಲೇ ಹೆಚ್ಚು. ಗೆಡ್ಡೆ ಮೇಲ್ಭಾಗದಲ್ಲಿದ್ದರೆ ಕುತ್ತಿಗೆಯ ಜೋಡಣೆ ಅನಿವಾರ್ಯವಾಗಬಹುದು. ನಿಮ್ಮ ತಂದೆಯವರಿಗೆ ಕೆಳಭಾಗದಲ್ಲಿರುವುದರಿಂದ, ಎಲ್ಲಿ ಜೋಡಿಸುತ್ತೀರಿ ಎಂದು ಧಾರಾಳವಾಗಿ ಕೇಳಬಹುದು.

ಈಗ ಆ ಷರತ್ತು. ಯುರೋಪಿನ ನುರಿತ ಕೇಂದ್ರಗಳೇ ಎದೆಯೊಳಗಿನ ಕೀಹೋಲ್ ಜೋಡಣೆಗೆ ಬದಲಾದಾಗ, ಸೋರಿಕೆಯ ಪ್ರಮಾಣ ಒಂದು ಮಟ್ಟಕ್ಕೆ ಬಂದು ನಿಲ್ಲಲು 119 ಶಸ್ತ್ರಚಿಕಿತ್ಸೆಗಳು ಬೇಕಾದವು ಎಂದು 2019ರ ಅಧ್ಯಯನವೊಂದು ಲೆಕ್ಕಹಾಕಿತು. ಕಲಿಕೆಯ ಅವಧಿಯಲ್ಲಿ ಶೇ 18.8 ಇದ್ದ ಸೋರಿಕೆ ಆಮೇಲೆ ಶೇ 4.5ಕ್ಕೆ ಇಳಿಯಿತು. ಈ ವಿಷಯದಲ್ಲಿ ನಾನು ಓದಿದ ಅಂಕಿಅಂಶಗಳಲ್ಲೆಲ್ಲ ರೋಗಿಯ ಪಾಲಿಗೆ ಅತಿ ಮುಖ್ಯವಾದದ್ದು ಇದೇ. ತೆರೆದ ವಿಧಾನದಲ್ಲಿ ನುರಿತ ತಂಡ ಒಂದು ಕಡೆ, ಕೀಹೋಲ್‌ನ್ನು ಈಗಷ್ಟೇ ಶುರುಮಾಡಿದ ತಂಡ ಇನ್ನೊಂದು ಕಡೆ ಇದ್ದರೆ, ನಾನಂತೂ ಮೊದಲನೆಯದನ್ನೇ ಆರಿಸಿಕೊಳ್ಳುತ್ತೇನೆ. ಆದ್ದರಿಂದ ಇಬ್ಬರೂ ವೈದ್ಯರನ್ನು ನೇರವಾಗಿ ಕೇಳಿ: ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ? ಎಷ್ಟು ಜನರಿಗೆ ಹೊಲಿಗೆ ಸೋರಿತು? ಸೋರಿದರೆ ರಾತ್ರಿ ಎರಡು ಗಂಟೆಗೂ ಎಂಡೋಸ್ಕೋಪಿ, ಸ್ಕ್ಯಾನ್, ಐಸಿಯು ಸಿಗುತ್ತವೆಯೇ? ಅನುಭವಿ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ. ಕೀಹೋಲ್‌ನಲ್ಲಿ ಶುರುಮಾಡಿ ಮಧ್ಯದಲ್ಲಿ ತೆರೆಯಬೇಕಾಗಿ ಬಂದರೆ ಅದನ್ನು ಸೋಲೆಂದು ಭಾವಿಸಬೇಡಿ, ರಕ್ತಸ್ರಾವವಾದಾಗ ಅದೇ ಸರಿಯಾದ ನಿರ್ಧಾರ.

ರೋಬೋಟ್ ಬಗ್ಗೆಯೂ ಕೇಳುವವರಿದ್ದಾರೆ. ಅದೂ ಕೀಹೋಲ್‌ನ ಇನ್ನೊಂದು ರೂಪ. ತೆರೆದ ವಿಧಾನಕ್ಕಿಂತ ತೊಡಕು ಕಡಿಮೆ ಎಂದು ತೋರಿದೆ. ಸಾಮಾನ್ಯ ಕೀಹೋಲ್ ಚೆನ್ನಾಗಿ ಬಲ್ಲವರು ಸಿಕ್ಕರೆ ರೋಬೋಟ್ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಮನೆಗೆ ಬಂದ ಮೇಲಿನ ಬದುಕು ಎರಡೂ ವಿಧಾನಗಳಲ್ಲಿ ಬಹುಪಾಲು ಒಂದೇ. ಒಮ್ಮೆಗೆ ಸ್ವಲ್ಪ ಸ್ವಲ್ಪವೇ, ದಿನಕ್ಕೆ ಐದಾರು ಬಾರಿ ಊಟ. ಉಂಡ ಕೂಡಲೇ ಮಲಗುವಂತಿಲ್ಲ, ಮಲಗುವಾಗ ತಲೆಯ ಕಡೆ ಎತ್ತರವಿರಬೇಕು. ಮೊದಲ ತಿಂಗಳುಗಳಲ್ಲಿ ತೂಕ ಇಳಿಯುತ್ತದೆ. ನೋವು ಮತ್ತು ಓಡಾಟದ ಮಟ್ಟಿಗೆ ಕೀಹೋಲ್ ಆದವರು ಒಂದು ವರ್ಷದ ನಂತರವೂ ತುಸು ಮೇಲಾಗಿದ್ದರು ಎಂದು ಟೈಮ್ ಪ್ರಯೋಗ ಹೇಳುತ್ತದೆ.

ಹೆಚ್ಚಿನವರಿಗೆ ಹೇಳದೆ ಬಿಟ್ಟುಹೋಗುವ ಒಂದು ಸಂಗತಿಯಿದೆ. ಕೀಹೋಲ್‌ನಲ್ಲಿ ಗಾಯ ಮಾಯುವಾಗ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದು ಕಡಿಮೆ. ಅದು ಒಳ್ಳೆಯದೇ ಆದರೂ, ಸಡಿಲವಾಗಿರುವ ಕರುಳು ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ತೆರಪಿನ ಮೂಲಕ ಎದೆಯೊಳಕ್ಕೆ ಜಾರುವ ಸಾಧ್ಯತೆ ಇದರಿಂದ ಹೆಚ್ಚಾಗುತ್ತದೆ. ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಳು, ವರ್ಷಗಳೇ ಕಳೆದ ಮೇಲೂ ಇದು ಆಗಬಹುದು. ಇದ್ದಕ್ಕಿದ್ದಂತೆ ಹೊಟ್ಟೆ ಅಥವಾ ಎದೆಯಲ್ಲಿ ತೀವ್ರ ನೋವು, ನಿಲ್ಲದ ವಾಂತಿ, ಏದುಸಿರು ಕಾಣಿಸಿದರೆ ಗ್ಯಾಸ್ ಎಂದು ಮಾತ್ರೆ ನುಂಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಅನ್ನನಾಳದ ಶಸ್ತ್ರಚಿಕಿತ್ಸೆ ಆಗಿದೆ ಎಂಬುದನ್ನು ಅಲ್ಲಿನ ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಿ.