ಟವರ್‌ಗೆ ಕೇಳದ ದನಿ: ಸಣ್ಣ ಸಿಗ್ನಲ್ ಹಿಡಿಯುವ ಹುಡುಕಾಟದ ಕಥೆ

“ನಿಮ್ಮ ಮಾತು ನನಗ ಕೇಳ್ತದ, ನಂದು ನಿಮಗ ಕೇಳವಲ್ದೇನ್ರಿ?” ಗದಗ ಜಿಲ್ಲೆಯ ಕಪ್ಪತಗುಡ್ಡದ ಆಸುಪಾಸಿನ ಹೊಲಗಳಲ್ಲಿ ನಿಂತು ಫೋನ್ ಮಾಡುವವರ ಬಾಯಲ್ಲಿ ಬರುವ ಮಾತಿದು. ಫೋನಿನಲ್ಲಿ ಎರಡು ಕಡ್ಡಿ ಸಿಗ್ನಲ್ ಇರುತ್ತದೆ. ಆ ಕಡೆಯವರ ದನಿ ಸರಿಯಾಗಿಯೇ ಬರುತ್ತದೆ. ಈ ಕಡೆಯದು ಮಾತ್ರ ತುಂಡು ತುಂಡು. ಜನ ಫೋನನ್ನು ಬೈಯುತ್ತಾರೆ, ಸಿಮ್ ಬದಲಿಸುತ್ತಾರೆ.

ಇದಕ್ಕೆ ಮುಖ್ಯ ಕಾರಣವೊಂದಿದೆ. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ. ನಮ್ಮ ಫೋನ್ ಸಾಮಾನ್ಯವಾಗಿ 0.2 ವ್ಯಾಟ್ ದಾಟುವುದಿಲ್ಲ. ಕಡ್ಡಿಗಳು ತೋರಿಸುವುದು ಟವರ್ ನಮಗೆ ಎಷ್ಟು ಕೇಳುತ್ತಿದೆ ಎಂದು. ನಾವು ಟವರ್‌ಗೆ ಎಷ್ಟು ಕೇಳುತ್ತಿದ್ದೇವೆ ಅನ್ನೋದು ಅಲ್ಲಿ ಕಾಣುವುದೇ ಇಲ್ಲ.

ಟವರ್‌ಗೆ ತಲುಪುವ ಹೊತ್ತಿಗೆ ಆ 0.2 ವ್ಯಾಟ್ ಏನಾಗಿರುತ್ತದೆ? ಒಂದು ವ್ಯಾಟನ್ನು ಹತ್ತು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಅಷ್ಟು. ಒಮ್ಮೊಮ್ಮೆ ಅದಕ್ಕಿಂತಲೂ ಕಡಿಮೆ. ಅದರ ಜೊತೆ ಗದ್ದಲವೂ ಸೇರಿಕೊಳ್ಳುತ್ತದೆ. ಯಾವುದೇ ತಂತಿ ಬೆಚ್ಚಗಿದ್ದರೆ ಅದರೊಳಗಿನ ಎಲೆಕ್ಟ್ರಾನ್‌ಗಳು ಸುಮ್ನೆ ಕೂರುವುದಿಲ್ಲ. ಅವುಗಳ ಓಡಾಟವೇ ಒಂದು ಸದ್ದು. ಅಮೆರಿಕದ ಬೆಲ್ ಲ್ಯಾಬ್ಸ್‌ನ ಜಾನ್ಸನ್ ಮತ್ತು ನೈಕ್ವಿಸ್ಟ್ 1928ರಲ್ಲಿ ಈ ಸದ್ದನ್ನು ಅಳೆದು, ಲೆಕ್ಕವನ್ನೂ ಕೊಟ್ಟರು. 4ಜಿಯ 20 ಮೆಗಾಹರ್ಟ್ಸ್ ಅಗಲದ ಪಟ್ಟಿಯಲ್ಲಿ (ಬ್ಯಾಂಡ್) ಅದು ಹೆಚ್ಚೂಕಡಿಮೆ ಮೇಲೆ ಹೇಳಿದ ಒಂದು ಪಾಲಿನಷ್ಟೇ ಆಗುತ್ತದೆ. ಯಾವ ಕಂಪನಿಯ ಉಪಕರಣ ತಂದರೂ ಈ ಗದ್ದಲ ತಪ್ಪಿದ್ದಲ್ಲ.

ಇನ್ನೊಂದು ಕಾಟ ಸಿಗ್ನಲ್ ಏರಿಳಿಯುವುದು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯನ್ನು ರಾತ್ರಿ ಹೊತ್ತು ದೂರದ ಊರಲ್ಲಿ ಕೇಳಿದವರಿಗೆ ಇದು ಗೊತ್ತು. ದನಿ ಒಮ್ಮೆ ಉಬ್ಬುತ್ತದೆ, ಒಮ್ಮೆ ಮುಳುಗುತ್ತದೆ. ನೆಲದ ಮೇಲೆ ಬಂದ ಅಲೆಯೂ ಆಕಾಶಕ್ಕೆ ಹೋಗಿ ತಿರುಗಿ ಬಂದ ಅಲೆಯೂ ಕೂಡಿದಾಗ ಹೀಗಾಗುತ್ತದೆ. ಎರಡೂ ತಾಳ ಹೊಂದಿದರೆ ಜೋರು, ತಪ್ಪಿದರೆ ಮೌನ. ಮೊಬೈಲ್‌ಗೂ ಇದೇ ಗತಿ. ಗುಡ್ಡ, ಗೋಡೆ, ಲಾರಿ, ಎಲ್ಲಕ್ಕೂ ಬಡಿದು ಬರುವ ಅಲೆಗಳು ಒಂದನ್ನೊಂದು ಅಳಿಸುತ್ತವೆ.

ಮೊದಲ ಪರಿಹಾರ ಸಿಕ್ಕಿದ್ದು ಶಾರ್ಟ್‌ವೇವ್ ಟೆಲಿಗ್ರಾಫ್‌ನವರಿಗೆ. ಅಮೆರಿಕದ ಆರ್‌ಸಿಎ ಕಂಪನಿ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲ್ಯಾಂಡ್‌ನಲ್ಲಿ ಕಡಲಾಚೆಯ ಸಂದೇಶ ಹಿಡಿಯುತ್ತಿತ್ತು. ಅಲ್ಲಿನ ಎಂಜಿನಿಯರ್‌ಗಳು ಒಂದು ವಿಷಯ ಗಮನಿಸಿದರು. ಒಂದು ಆಂಟೆನಾದಲ್ಲಿ ಸಿಗ್ನಲ್ ಮುಳುಗಿದ ಹೊತ್ತಿಗೇ, ನೂರಾರು ಅಡಿ ಆಚೆಯ ಇನ್ನೊಂದರಲ್ಲಿ ಅದು ಚೆನ್ನಾಗಿರುತ್ತಿತ್ತು. ಬೆವರೇಜ್ ಮತ್ತು ಪೀಟರ್ಸನ್ 1931ರಲ್ಲಿ ಇದರ ಪೂರ್ತಿ ವ್ಯವಸ್ಥೆಯನ್ನು ಪ್ರಕಟಿಸಿದರು. ಲೆಕ್ಕ ಸರಳ. ಒಂದು ಆಂಟೆನಾ ನೂರಕ್ಕೆ ಒಂದು ಸಲ ಕೈಕೊಡುತ್ತದೆ ಅನ್ನಿ. ಎರಡೂ ಬೇರೆ ಬೇರೆಯಾಗಿ ಏರಿಳಿಯುತ್ತಿದ್ದರೆ, ಒಟ್ಟಿಗೆ ಕೈಕೊಡುವುದು ಹತ್ತು ಸಾವಿರಕ್ಕೆ ಒಂದು ಸಲ. ಇವತ್ತಿನ 2300 ಮೆಗಾಹರ್ಟ್ಸ್ ಅಲೆಯ ಉದ್ದ 13 ಸೆಂಟಿಮೀಟರ್ ಮಾತ್ರ. ಹಾಗಾಗಿ ಅಂಗೈಯಗಲದ ಫೋನಿನಲ್ಲೂ ಎರಡು ಆಂಟೆನಾಗಳನ್ನು ಸಾಕಷ್ಟು ದೂರ ಇಡಬಹುದು.

ಎರಡು ಕಡೆ ಕೇಳಿದ್ದನ್ನು ಕೂಡಿಸುವುದು ಹೇಗೆ? ಲಿಯೊನಾರ್ಡ್ ಕಾನ್ 1954ರಲ್ಲಿ ದಾರಿ ತೋರಿಸಿದರು. ಬ್ರೆನನ್ 1959ರಲ್ಲಿ ಬೇರೆ ಬೇರೆ ವಿಧಾನಗಳನ್ನು ಒಂದೇ ಕಡೆ ಇಟ್ಟು ತೂಗಿ ನೋಡಿದರು. ಚೆನ್ನಾಗಿ ಕೇಳುವ ಆಂಟೆನಾದ ಮಾತಿಗೆ ಜಾಸ್ತಿ ತೂಕ, ಕಡಿಮೆ ಕೇಳುವುದಕ್ಕೆ ಕಡಿಮೆ ತೂಕ. ಯಾವುದನ್ನೂ ಪೂರ್ತಿ ಎಸೆಯಬಾರದು. ಗದ್ದಲವೊಂದೇ ಶತ್ರುವಾಗಿದ್ದರೆ ಇದಕ್ಕಿಂತ ಒಳ್ಳೆಯ ಕೂಡಿಕೆ ಇಲ್ಲ.

ಆದರೆ ಗದ್ದಲವೊಂದೇ ಶತ್ರು ಅಲ್ವಲ್ಲ. ಒಂದೇ ಹೊತ್ತಿನಲ್ಲಿ, ಒಂದೇ ಪಟ್ಟಿಯಲ್ಲಿ ಹಲವರು ಮಾತಾಡಿದರೆ ಜೋರು ದನಿ ಸಣ್ಣ ದನಿಯನ್ನು ನುಂಗುತ್ತದೆ. ಆಂಟೆನಾಗಳ ಸಾಲಿನಿಂದಲೇ ಅವರನ್ನು ಬೇರೆ ಮಾಡಬಹುದು ಎಂದು ತೋರಿಸಿದವರಲ್ಲಿ ನಮ್ಮವರೊಬ್ಬರಿದ್ದಾರೆ. ಪೊಳ್ಳಾಚಿಯಲ್ಲಿ ಹುಟ್ಟಿದ ಆರೋಗ್ಯಸ್ವಾಮಿ ಪಾಲ್‌ರಾಜ್ ಭಾರತೀಯ ನೌಕಾಪಡೆಯಲ್ಲಿದ್ದು ಸೋನಾರ್ ಕಟ್ಟಿದವರು. ಹಡಗುಗಳ ಅಬ್ಬರದ ನಡುವೆ ಜಲಾಂತರ್ಗಾಮಿಯ ಸಣ್ಣ ಸದ್ದು ಹಿಡಿಯುವುದು ಅವರ ಕೆಲಸವಾಗಿತ್ತು. ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಥಾಮಸ್ ಕೈಲಾತ್ ಜೊತೆ ಸೇರಿ ಅವರು ಪಡೆದ 1994ರ ಪೇಟೆಂಟ್, ಹಲವು ಆಂಟೆನಾಗಳಿಂದ ಕಳಿಸಿ ಹಲವು ಆಂಟೆನಾಗಳಲ್ಲಿ ಕೇಳುವ, ಇವತ್ತು ಮೈಮೋ ಎನ್ನುವ ತಂತ್ರದ ಬುನಾದಿಗಳಲ್ಲಿ ಒಂದು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಇಡೀ ವಿಷಯದ ಜೀವ ಇಲ್ಲಿದೆ.

ಟವರ್‌ನಲ್ಲಿ ಎರಡು ಆಂಟೆನಾ. ಎರಡು ಫೋನ್. ಒಂದು ಟವರ್ ಬುಡದಲ್ಲಿದೆ, ಇನ್ನೊಂದು ದೂರದ ಹೊಲದಲ್ಲಿ. ಎರಡೂ ಕಳಿಸುವುದು +1 ಅಥವಾ −1. ಮೊದಲ ಆಂಟೆನಾಕ್ಕೆ ಹತ್ತಿರದ ಫೋನ್ 5ರಷ್ಟು, ದೂರದ್ದು 1ರಷ್ಟು ಕೇಳುತ್ತದೆ. ಎರಡನೆಯದಕ್ಕೆ 4 ಮತ್ತು 2. ಎರಡರಲ್ಲೂ ಗದ್ದಲ 1.

ಒಂದು ದಾರಿ ಹೀಗೆ. ಮೊದಲನೆಯದನ್ನು 4ರಿಂದ, ಎರಡನೆಯದನ್ನು 5ರಿಂದ ಗುಣಿಸಿ ಕಳೆಯಿರಿ. ಹತ್ತಿರದ ಫೋನ್ 20ಕ್ಕೆ 20 ಹೊಡೆದು ಮಾಯವಾಗುತ್ತದೆ. ದೂರದ್ದು 4ರಲ್ಲಿ 10 ಹೋಗಿ, ಅಳತೆಯಲ್ಲಿ 6 ಉಳಿಯುತ್ತದೆ. ಆದರೆ ಗುಣಿಸುವಾಗ ಗದ್ದಲವೂ ಬೆಳೆದು 6.4 ಆಗಿದೆ (ಗದ್ದಲಗಳು ನೇರವಾಗಿ ಕೂಡುವುದಿಲ್ಲ, ಅವುಗಳ ವರ್ಗ ಕೂಡುತ್ತದೆ: 16ಕ್ಕೆ 25 ಸೇರಿ 41, ಅದರ ವರ್ಗಮೂಲ 6.4). ಅಡ್ಡಿ ಹೋಯಿತು, ಜೊತೆಗೆ ಬೇಕಾದ ಸಿಗ್ನಲ್ಲೂ ಗದ್ದಲದಲ್ಲಿ ಮುಳುಗಿತು.

ಇನ್ನೊಂದು ದಾರಿಯನ್ನು ಬೆಲ್ ಲ್ಯಾಬ್ಸ್‌ನ ಫೋಶಿನಿ ಮತ್ತು ಸಂಗಡಿಗರು 1996ರಿಂದ 1998ರೊಳಗೆ ಕಟ್ಟಿದರು. 8 ಆಂಟೆನಾ ಕಳಿಸಿ, 12 ಆಂಟೆನಾ ಕೇಳಿ, ಅದನ್ನು ಪ್ರಯೋಗಾಲಯದಲ್ಲಿ ನಡೆಸಿಯೂ ತೋರಿಸಿದರು. ಅಲ್ಲಿ ಎಲ್ಲ ಸಿಗ್ನಲ್ ಒಂದೇ ಯಂತ್ರದಿಂದ ಬರುತ್ತಿದ್ದವು, ಆದರೆ ಉಪಾಯ ಬೇರೆ ಬೇರೆ ಫೋನ್‌ಗಳಿಗೂ ನಡೆಯುತ್ತದೆ. ಮೊದಲು ಎಲ್ಲಕ್ಕಿಂತ ಸ್ಪಷ್ಟ ದನಿಯನ್ನು ಓದಿ ಮುಗಿಸುವುದು. ನಮ್ಮ ಲೆಕ್ಕದಲ್ಲಿ ಅದು ಹತ್ತಿರದ ಫೋನ್. ಅದು +1 ಎಂದು ಖಾತ್ರಿಯಾದರೆ, ಮೊದಲ ಆಂಟೆನಾದಿಂದ 5, ಎರಡನೆಯದರಿಂದ 4 ಕಳೆದುಬಿಡಿ. ಉಳಿಯುವುದು ದೂರದ ಫೋನಿನ 1 ಮತ್ತು 2. ಅವನ್ನು ಬ್ರೆನನ್ ಹೇಳಿದ ತೂಕದಲ್ಲಿ, ಅಂದರೆ 1ನ್ನು 1ರಿಂದ, 2ನ್ನು 2ರಿಂದ ಗುಣಿಸಿ ಕೂಡಿಸಿದರೆ ಸಿಗ್ನಲ್ 5, ಗದ್ದಲ 2.2. ಅದೇ ಆಂಟೆನಾ, ಅದೇ ಹೊಲ, ಅದೇ ಫೋನ್. ಮುಳುಗಿದ್ದ ದನಿ ಗದ್ದಲದ ಎರಡರಷ್ಟಕ್ಕಿಂತ ಮೇಲೆ ಬಂತು.

ಇದರ ಅಪಾಯವೂ ಇಲ್ಲೇ ಇದೆ. ಹತ್ತಿರದ ಫೋನನ್ನು ತಪ್ಪು ಓದಿದರೆ 5 ಕಳೆಯುವ ಬದಲು ಕೂಡಿಸಿದ ಹಾಗಾಗುತ್ತದೆ. ಆಗ ಮೊದಲ ಆಂಟೆನಾದಲ್ಲಿ 10, ಎರಡನೆಯದರಲ್ಲಿ 8 ಕಸವಾಗಿ ಉಳಿಯುತ್ತದೆ. 1 ಮತ್ತು 2 ಎಲ್ಲಿಗೆ ಸಾಲುತ್ತವೆ? ಜೋರು ದನಿಯವನ ತಪ್ಪಿಗೆ ಸಣ್ಣ ದನಿಯವನು ದಂಡ ಕಟ್ಟುತ್ತಾನೆ. ಅದಕ್ಕೇ ಯಾರನ್ನು ಮೊದಲು ಓದಬೇಕು ಎಂಬ ಸರದಿ ಇಲ್ಲಿ ಬಹಳ ಮುಖ್ಯ.

ಸರದಿಯೇ ಬೇಡ, ಎಲ್ಲರನ್ನೂ ಒಟ್ಟಿಗೆ ಓದಿದರೆ? ಅದೇ ಅತ್ಯಂತ ನಂಬಿಕಸ್ತ ವಿಧಾನ. ಸೆರ್ಜಿಯೊ ವೆರ್ಡು 1986ರಲ್ಲೇ ಹಲವು ಬಳಕೆದಾರರಿಗೆ ಇದರ ಸಿದ್ಧಾಂತ ಕೊಟ್ಟಿದ್ದರು. ತೊಂದರೆ ಇರುವುದು ಲೆಕ್ಕದ ಹೊರೆಯಲ್ಲಿ. ನಾಲ್ಕು ಸಿಗ್ನಲ್, ಒಂದೊಂದಕ್ಕೂ 64 ಸಾಧ್ಯತೆ ಇದ್ದರೆ, ಪರೀಕ್ಷಿಸಬೇಕಾದ ಜೋಡಣೆ 1 ಕೋಟಿ 67 ಲಕ್ಷಕ್ಕೂ ಜಾಸ್ತಿ. 4ಜಿಯಲ್ಲಿ ಇಂಥ ಲೆಕ್ಕ ಒಂದು ಮಿಲಿಸೆಕೆಂಡಿನಲ್ಲಿ 14 ಬಾರಿ, ಪ್ರತಿ ಬಾರಿ 1200 ಸಣ್ಣ ಪಟ್ಟಿಗಳಿಗೆ ಬೀಳುತ್ತದೆ. ಯಾವ ಚಿಪ್ಪೂ ತಡೆಯುವುದಿಲ್ಲ. ಫಿಂಕೆ ಮತ್ತು ಪೋಸ್ಟ್ ಎಂಬ ಗಣಿತಜ್ಞರು 1985ರಲ್ಲಿ ಬೇರೆಯದೇ ಕೆಲಸಕ್ಕೆ ಮಾಡಿಟ್ಟಿದ್ದ ವಿಧಾನವನ್ನು ವಿಟೆರ್ಬೊ ಮತ್ತು ಬುಟ್ರೋಸ್ 1999ರಲ್ಲಿ ರೇಡಿಯೋಗೆ ತಂದರು. ಇಡೀ ಹುಬ್ಬಳ್ಳಿ ಹುಡುಕುವ ಬದಲು, ಸಿಗ್ನಲ್ ಬಿದ್ದ ಓಣಿಯ ಸುತ್ತಮುತ್ತ ಮಾತ್ರ ಹುಡುಕುವ ಉಪಾಯ ಅದು. ಸಿಗ್ನಲ್ ಚೆನ್ನಾಗಿದ್ದರೆ ಸರಸರ ಮುಗಿಯುತ್ತದೆ. ಸಿಗ್ನಲ್ ಸಣ್ಣದಾದರೆ ಹುಡುಕುವ ಸುತ್ತು ದೊಡ್ಡದಾಗುತ್ತಾ ಹೋಗುತ್ತದೆ. ಅಗತ್ಯ ಇದ್ದಲ್ಲೇ ದುಬಾರಿ.

ಬೆಲ್ ಲ್ಯಾಬ್ಸ್‌ನ ಮಾರ್ಜೆಟಾ 2010ರಲ್ಲಿ ಬೇರೆ ದಿಕ್ಕು ಹಿಡಿದರು. ಟವರ್‌ನಲ್ಲಿ ಬಳಕೆದಾರರಿಗಿಂತ ಎಷ್ಟೋ ಪಟ್ಟು ಹೆಚ್ಚು ಆಂಟೆನಾ ಇಟ್ಟರೆ ಅಡ್ಡಿಗಳು ತಾವಾಗೇ ತೆಳುವಾಗುತ್ತವೆ, ಸರಳ ಲೆಕ್ಕವೇ ಸಾಕಾಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಭಾರತಕ್ಕೆ ಬಂದ 5ಜಿಯ 64 ಆಂಟೆನಾಗಳ ಹಲಗೆ ಈ ಯೋಚನೆಯ ಫಲ. 3500 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಒಂಬತ್ತು ಸೆಂಟಿಮೀಟರ್‌ಗಿಂತ ಕಡಿಮೆ, ಹಾಗಾಗಿ ಅಷ್ಟೂ ಒಂದೇ ಹಲಗೆಯಲ್ಲಿ ಹಿಡಿಯುತ್ತವೆ. ಹುಬ್ಬಳ್ಳಿ ರೈಲು ನಿಲ್ದಾಣದ 1507 ಮೀಟರ್ ಪ್ಲಾಟ್‌ಫಾರ್ಮ್, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಂಥ ಜನಜಂಗುಳಿಗೆ ಹೇಳಿ ಮಾಡಿಸಿದ ತಂತ್ರ.

ಗುಡ್ಡದ ಮರೆಯ ಊರಿಗೆ ಇದು ಅಷ್ಟು ಸುಲಭವಾಗಿ ಒದಗುವುದಿಲ್ಲ. ದೂರ ಹೋಗುವುದು 700 ಮೆಗಾಹರ್ಟ್ಸ್‌ನಂಥ ಕೆಳಗಿನ ಪಟ್ಟಿ. ಅಲ್ಲಿ ಅಲೆಯ ಉದ್ದ 43 ಸೆಂಟಿಮೀಟರ್. 64 ಆಂಟೆನಾ ಹೊರುವ ಹಲಗೆ ಟವರ್‌ಗೇ ಭಾರವಾಗುತ್ತದೆ. ಹಾಗಾಗಿ ಹಳ್ಳಿಗೆ ಕೆಲವೇ ಆಂಟೆನಾ, ಅಂದರೆ ಸರದಿಯ ಮತ್ತು ಹುಡುಕಾಟದ ಹಳೆಯ ಲೆಕ್ಕಗಳೇ ಗತಿ. ಈ ಹಳೆಯ ಸಂಶೋಧನೆ ನಗರಕ್ಕಿಂತ ಹಳ್ಳಿಗೇ ಹೆಚ್ಚು ಬೇಕು ಎಂದು ನಾನು ನಂಬುವುದು ಇದಕ್ಕೇ.

ಇನ್ನೂ ಪೂರ್ತಿ ಬಗೆಹರಿಯದ ಗಂಟು ಒಂದಿದೆ. ಮೇಲಿನ ಲೆಕ್ಕದಲ್ಲಿ 5, 1, 4, 2 ಎಂದು ಸಲೀಸಾಗಿ ಹೇಳಿದೆವು. ಟವರ್‌ಗೆ ಆ ಅಂಕಿಗಳನ್ನು ಯಾರೂ ಹೇಳಿಕೊಡುವುದಿಲ್ಲ. ಫೋನ್ ನಡುನಡುವೆ ಕಳಿಸುವ, ಮೊದಲೇ ಗೊತ್ತಿರುವ ಗುರುತಿನ ಸಿಗ್ನಲ್ ನೋಡಿ ಅಳೆದುಕೊಳ್ಳಬೇಕು. ಸಿಗ್ನಲ್ಲೇ ಸಣ್ಣದಾದರೆ ಈ ಅಳತೆಯೂ ಗದ್ದಲದಿಂದ ಕೆಡುತ್ತದೆ. ಹತ್ತಿರದ ಫೋನಿನ 5ನ್ನು 4.7 ಎಂದು ಅಳೆದರೆ, ಸರಿಯಾಗಿ ಓದಿ ಕಳೆದರೂ 0.3 ಉಳಿಯುತ್ತದೆ. 1ರಷ್ಟೇ ಇರುವ ದನಿಗೆ ಅದು ದೊಡ್ಡ ಪೆಟ್ಟು.

ಸಾಮಾನ್ಯ ಮದ್ದು ಅಂದರೆ ಅದನ್ನೇ ಮತ್ತೆ ಮತ್ತೆ ಕಳಿಸಿ ಕೂಡಿಸುವುದು. 2016ರಲ್ಲಿ ಬಂದ ಎನ್‌ಬಿ-ಐಒಟಿ ಎಂಬ ಪದ್ಧತಿಯಲ್ಲಿ ಸಣ್ಣ ಉಪಕರಣ ಒಂದೇ ಸಂದೇಶವನ್ನು 128 ಬಾರಿಯವರೆಗೆ ಟವರ್‌ಗೆ ಕಳಿಸಬಹುದು. ಹೊಲದ ತೇವ ಅಳೆಯುವ ಯಂತ್ರಕ್ಕೆ ಇದು ಸಾಕು, ಅದಕ್ಕೆ ಅವಸರವಿಲ್ಲ. ಫೋನಿನಲ್ಲಿ ಮಾತಾಡುವವರ ದನಿ ಅಷ್ಟು ಹೊತ್ತು ಕಾಯುವುದಿಲ್ಲ. ಅವರಿಗೆ ಬೇಕಾದದ್ದು ಒಂದೇ ಸಲಕ್ಕೆ, ಕೆಲವೇ ಆಂಟೆನಾಗಳಲ್ಲಿ, ಸರಿಯಾಗಿ ಕೇಳಿಸಿಕೊಳ್ಳುವ ಟವರ್.