ಭಯವೇನಿಲ್ಲ, ಹೋಗಲ್ಲ ಅಷ್ಟೇ

"ಬೀಳುವ ಭಯ ಇದೆಯಾ?" ಅಂತ ನೇರವಾಗಿ ಕೇಳಿದರೆ ಇಲ್ಲ ಅನ್ನುವ ಹಿರಿಯರೇ ಜಾಸ್ತಿ. ಅದರಲ್ಲೂ ಗಂಡಸರು. ಅವರು ಸುಳ್ಳು ಹೇಳುತ್ತಿಲ್ಲ. ಮೆಟ್ಟಿಲು ಹತ್ತುವುದನ್ನೇ ಬಿಟ್ಟವರಿಗೆ ಮೆಟ್ಟಿಲ ಭಯ ಯಾಕೆ ಬರಬೇಕು? ಅದಕ್ಕೇ ಫಿಸಿಯೋಥೆರಪಿಸ್ಟ್ ಆದ ನಾನು ಮೊದಲು ಕೇಳುವುದು, ಏನೇನು ಬಿಟ್ಟಿದ್ದೀರಿ ಅಂತ.

ಭಯ ಅಳೆಯಲು ಈಗ ಹೆಚ್ಚು ಬಳಕೆಯಲ್ಲಿರುವುದು 2005ರಲ್ಲಿ ಯುರೋಪಿನ ತಜ್ಞರು ರೂಪಿಸಿದ ಎಫ್‌ಇಎಸ್-ಐ ಪ್ರಶ್ನಾವಳಿ. ಅದರಲ್ಲಿ 16 ಕೆಲಸಗಳಿವೆ. ಒಂದೊಂದನ್ನೂ ಮಾಡುವಾಗ ಬೀಳುವ ಚಿಂತೆ ಎಷ್ಟು ಅನ್ನುವುದಕ್ಕೆ 1ರಿಂದ 4 ಅಂಕ. ಒಟ್ಟು 16 ಬಂದರೆ ಚಿಂತೆಯೇ ಇಲ್ಲ, 64 ಬಂದರೆ ವಿಪರೀತ. ಈಗ ಮಾಡದ ಕೆಲಸವಾದರೆ, ಮಾಡಿದರೆ ಎಷ್ಟು ಚಿಂತೆಯಾದೀತು ಅಂತ ಊಹಿಸಿ ಹೇಳಬೇಕು. ತೊಡಕು ಇಲ್ಲೇ. ಆ ಕೆಲಸ ನಿಜಕ್ಕೂ ನಿಂತುಹೋಗಿದೆಯೋ ಇಲ್ಲವೋ ಅಂಕದಿಂದ ತಿಳಿಯುವುದಿಲ್ಲ.

ನನಗೆ ಹಿಡಿಸುವುದು ಅದಕ್ಕೂ ಹಳೆಯ ಇನ್ನೊಂದು ಪ್ರಶ್ನಾವಳಿ. 1998ರಲ್ಲಿ ಅಮೆರಿಕದ ಮಾರ್ಗಿ ಲ್ಯಾಚ್‌ಮನ್ ಮತ್ತು ಸಂಗಡಿಗರು ಮಾಡಿದ್ದು. 11 ಚಟುವಟಿಕೆ. ಇದನ್ನು ಮಾಡ್ತೀರಾ? ಮಾಡುವಾಗ ಬೀಳುವ ಚಿಂತೆ ಎಷ್ಟು? ಮಾಡಲ್ಲ ಅಂದರೆ ಅದೇ ಚಿಂತೆಯಿಂದಲೋ, ಬೇರೆ ಕಾರಣಕ್ಕೋ? ಐದು ವರ್ಷದ ಹಿಂದೆ ಇದಕ್ಕಿಂತ ಜಾಸ್ತಿ ಮಾಡ್ತಿದ್ರಾ? ಕೊನೆಯ ಎರಡು ಪ್ರಶ್ನೆಗಳಲ್ಲೇ ಎಲ್ಲ ಇದೆ.

ಆದರೆ ಪಟ್ಟಿ ಅಲ್ಲಿನದು. ಟಬ್ಬಿನಲ್ಲಿ ಸ್ನಾನ ಅಂತ ಕೇಳುತ್ತದೆ. ನಮ್ಮಲ್ಲಿ ಬಕೆಟ್ಟು, ಚೊಂಬು, ಸೋಪಿನ ನೀರು ಹರಿದ ನೆಲ. ಮಲೆನಾಡಿನ ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದ ಮೇಲೆ ಹಾಸಿದ ಅಡಿಕೆ ದಬ್ಬೆ. ಬಸ್ಸಿನ ಎತ್ತರದ ಮೆಟ್ಟಿಲು. ಮದುವೆ ಮನೆಯಲ್ಲಿ ಕೆಳಗೆ ಕೂತು ಊಟ ಮಾಡಿ ಏಳುವುದು. ಇವನ್ನು ಸೇರಿಸಿ ಕೇಳುತ್ತೇನೆ, ಆದರೆ ಅಂಕಕ್ಕೆ ಸೇರಿಸುವುದಿಲ್ಲ. ಪ್ರಶ್ನೆ ಬದಲಾದರೆ ಮೂಲದ ಅಂಕದ ಜೊತೆ ಹೋಲಿಸಲು ಬರುವುದಿಲ್ಲ.

ಕೇಳುವ ದಾರಿಯೂ ಮುಖ್ಯ. "ದೇವಸ್ಥಾನಕ್ಕೆ ಹೋಗಲು ಭಯವಾಗುತ್ತಾ ಅಜ್ಜಿ?" ಅಂದರೆ "ಭಯವೇನಿಲ್ಲ, ಹೋಗಲ್ಲ ಅಷ್ಟೇ" ಅನ್ನುತ್ತಾರೆ. "ಬೆಳಿಗ್ಗೆ ಹೂವು ಕೊಯ್ಯೋದು ಈಗ ಯಾರು?" ಅಂತ ಕೇಳಿದರೆ ಸೊಸೆಯ ಹೆಸರು ಬರುತ್ತದೆ. ಯಾವಾಗಿನಿಂದ ಅಂದರೆ, "ಹೋದ ಮಳೆಗಾಲ ಜಾರಿದ್ನಲ್ಲಪ್ಪ, ಆವಾಗಿನಿಂದ." ಏಟೇನೂ ಆಗಿರಲಿಲ್ಲ. ಆದರೂ ಹೂವಿನ ಕೆಲಸ ಹೋಯಿತು, ಅದರ ಜೊತೆ ದಿನದ ಓಡಾಟವೂ ಹೋಯಿತು. ಓಡಾಟ ನಿಂತರೆ ಕಾಲಿನ ಕಸುವು ಇಳಿಯುತ್ತದೆ, ಆಮೇಲೆ ಬೀಳುವ ಸಂಭವ ನಿಜವಾಗಿಯೂ ಹೆಚ್ಚುತ್ತದೆ.

ಇನ್ನು ಕೆಲವರ ಮನೆಯಲ್ಲಿ ಭಯ ಮಗನದ್ದು. "ಅಮ್ಮ, ನೀನು ಏಳಬೇಡ, ನಾವು ತರ್ತೀವಿ" ಅಂತ ಕೂರಿಸಿರುತ್ತಾರೆ. ಹಾಗಾಗಿ ಈ ಪ್ರಶ್ನೆಗಳನ್ನು ಹಿರಿಯರೊಬ್ಬರನ್ನೇ ಕೂರಿಸಿಕೊಂಡು ಕೇಳಬೇಕು. ಪಕ್ಕದಲ್ಲಿ ಮಗನಿದ್ದರೆ ಉತ್ತರ ಅವನೇ ಕೊಡುತ್ತಾನೆ.

ಬಿಟ್ಟದ್ದೆಲ್ಲ ತಪ್ಪು ಅಂತಲೂ ಅಲ್ಲ. ಎಂಬತ್ತರ ವಯಸ್ಸಿನಲ್ಲಿ ಸ್ಟೂಲು ಹತ್ತಿ ಅಟ್ಟದ ಪಾತ್ರೆ ಇಳಿಸುವುದನ್ನು ಬಿಟ್ಟರೆ ಸಂತೋಷ. ಭಯಕ್ಕೂ ಕಾಲಿನ ಶಕ್ತಿಗೂ ತಾಳೆ ಇದೆಯಾ ನೋಡಲು ಟೈಮ್ಡ್ ಅಪ್ ಅಂಡ್ ಗೋ ಪರೀಕ್ಷೆ ಮಾಡಿಸುತ್ತೇನೆ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅನ್ನುತ್ತದೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ. ಸಿಡ್ನಿಯ 500 ಹಿರಿಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಮೂರನೇ ಒಂದರಷ್ಟು ಜನರಲ್ಲಿ ಭಯಕ್ಕೂ ನಿಜವಾದ ಅಪಾಯಕ್ಕೂ ಹೊಂದಾಣಿಕೆಯೇ ಇರಲಿಲ್ಲ. ಕೆಲವರಿಗೆ ಗಟ್ಟಿ ಕಾಲಿದ್ದೂ ಭಯ, ಕೆಲವರಿಗೆ ಕಾಲು ನಡುಗುತ್ತಿದ್ದರೂ ಧೈರ್ಯ.

ಗಟ್ಟಿ ಕಾಲಿನ ಭಯಸ್ಥರಿಗೆ ಸುಮ್ನೆ ವ್ಯಾಯಾಮದ ಚೀಟಿ ಬರೆದುಕೊಟ್ಟರೆ ಸಾಲದು. ಜೊತೆಗೆ ನಿಂತು ಆ ಬಿಟ್ಟ ಕೆಲಸವನ್ನೇ ಮಾಡಿಸಬೇಕು, ಮೊದಲು ಒಣಗಿದ ಅಂಗಳದಲ್ಲಿ, ಆಮೇಲೆ ಒದ್ದೆಯಲ್ಲಿ. ಕಸುವಿಲ್ಲದವರಿಗೆ ಮೊದಲು ಬಚ್ಚಲಿಗೆ ಹಿಡಿ, ಕಾಲಿಗೆ ಕಸರತ್ತು. ಕೆಲವು ವಾರ ಬಿಟ್ಟು ಅದೇ ಪಟ್ಟಿಯನ್ನು ಮತ್ತೆ ಕೇಳುತ್ತೇನೆ. ಆಗ ಒಟ್ಟು ಅಂಕಕ್ಕಿಂತ ಮೊದಲು ನೋಡುವುದು, "ಮಾಡಲ್ಲ" ಅಂದಿದ್ದ ಸಾಲುಗಳಲ್ಲಿ ಯಾವುದು "ಮಾಡ್ತೀನಿ" ಆಗಿದೆ ಅಂತ.